ಖಿನ್ನತೆಯ ಮಾತ್ರೆ ಎರಡನೇ ವಾರದಲ್ಲಿ ನಿಲ್ಲದಂತೆ ನೋಡಿಕೊಂಡ ನನ್ನ ಅನುಭವ

ಮೂಡಿಗೆರೆ ತಾಲ್ಲೂಕಿನ ಲೈನ್ ಮನೆಗಳಲ್ಲಿ (ಕಾಫಿ ತೋಟದ ಕೂಲಿಕಾರರ ಸಾಲುಮನೆಗಳಲ್ಲಿ) ಖಿನ್ನತೆಗೆ ಮಾತ್ರೆ ಕೊಡಿಸಿದರೂ ಯಾರೂ ಪೂರ್ತಿ ನುಂಗುವುದಿಲ್ಲ ಎಂದು ನಮ್ಮ ಮಾಸಿಕ ಸಭೆಯಲ್ಲಿ ಹೇಳಿದವರೇ ಹೆಚ್ಚು. ಕಳೆದ ಎರಡು ವರ್ಷಗಳಲ್ಲಿ ನಾನು ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ದ ಸುಮಾರು 11 ಮಂದಿಯಲ್ಲಿ 8 ಮಂದಿ, ವೈದ್ಯರೇ ಸಾಕು ಎನ್ನುವವರೆಗೂ ಚಿಕಿತ್ಸೆ ಮುಂದುವರಿಸಿದ್ದಾರೆ. ಆಶಾ ಸಹೋದರಿಯರಿಗೆ ಉಪಯೋಗವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ನಾನು ಮನೆಮನೆಯಲ್ಲಿ ಆರೋಗ್ಯ ವಿಚಾರಿಸಿ ತುಂಬುವ ಸಿಬ್ಯಾಕ್ ನಮೂನೆ ಹಿಡಿದು ಜಗಲಿಯಲ್ಲಿ, ಅತ್ತೆಯ ಎದುರಿಗೇ, ಸೊಸೆಯನ್ನು ಖಿನ್ನತೆ ಗುರುತಿಸುವ ಅದರ ಕೊನೆಯ ಎರಡು ಪ್ರಶ್ನೆ ಕೇಳುತ್ತಿದ್ದೆ. ಎಲ್ಲರ ಉತ್ತರವೂ ‘ಇಲ್ಲ’ ಎಂದೇ ಆಗಿತ್ತು. ಈಗ ಸೌದೆ ತರಲು ಹೊರಟವಳ ಜೊತೆ ನಡೆಯುತ್ತಾ ನಿದ್ದೆಯ ವಿಚಾರದಿಂದ ಆರಂಭಿಸುತ್ತೇನೆ. “ರಾತ್ರಿ ನಿದ್ದೆ ಬರ್ತದಾ ಅಕ್ಕಾ?” ಎಂದಾಗ ಒಬ್ಬರು, “ಕೋಳಿ ಕೂಗೋ ಮುಂಚೆನೇ ಎಚ್ಚರ ಆಗ್ತದೆ, ಆಮೇಲೆ ಎದೆ ಮೇಲೆ ಕಲ್ಲಿಟ್ಟ ಹಾಗೆ” ಎಂದು ನಿಂತಲ್ಲೇ ಅತ್ತರು. ಸಾಯುವ ಯೋಚನೆ ಬರುತ್ತದೆಯೇ ಎಂಬುದನ್ನೂ ನೇರವಾಗಿಯೇ ಕೇಳುತ್ತೇನೆ. ಕೇಳಿದರೆ ಆ ಯೋಚನೆ ಹುಟ್ಟುವುದಿಲ್ಲ, ಹೇಳಿಕೊಂಡವರಿಗೆ ಹಗುರವಾಗುತ್ತದೆ. ಹೌದು ಎಂದವರನ್ನು ಅಂದೇ ಆಸ್ಪತ್ರೆಗೆ ಕರೆದೊಯ್ಯುತ್ತೇನೆ, ಒಬ್ಬರನ್ನೇ ಬಿಡುವುದಿಲ್ಲ, ಮನೆಯಲ್ಲಿರುವ ಕಳೆನಾಶಕ, ಕೀಟನಾಶಕದ ಡಬ್ಬಿಗಳನ್ನು ಅಲ್ಲಿಂದ ತೆಗೆಸುತ್ತೇನೆ.

ಮುಂದಿನ ತೊಡಕು ಹಣದ್ದು. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವುದು ಮಂಗಳವಾರ. ಮಾತ್ರೆ ಉಚಿತವಾದರೂ ಕೆಲಸದ ದಿನ ಹೋದರೆ 400 ರೂಪಾಯಿಯಷ್ಟು ಕೂಲಿ ಹೋಗುತ್ತದೆ. ಕಾಫಿ ಕೊಯ್ಲಿನಲ್ಲಿ ಕಿಲೋ ಲೆಕ್ಕದವರಿಗೆ ಇನ್ನೂ ಹೆಚ್ಚು ನಷ್ಟ. ಹಾಜರಿ ಬರೆಯುವ ತೋಟದ ರೈಟರ್ ಬಳಿ ಕಾಯಿಲೆಯ ಹೆಸರೆತ್ತದೆ, ಆಸ್ಪತ್ರೆಗೆ ಹೋಗಬೇಕಿದೆ ಎಂದಷ್ಟೇ ಹೇಳಿ, ಮಂಗಳವಾರದ ಕೆಲಸವನ್ನು ರಜೆಯ ದಿನ ಮಾಡುವಂತೆ ಹಾಜರಿ ಬದಲಾಯಿಸಿಕೊಂಡೆ. ಮೂರು ತೋಟಗಳಲ್ಲಿ ಇದು ನಡೆದಿದೆ. ಬಸ್ಸಿಗೆಂದು ನನ್ನ ಕೈಯಿಂದ ಇದುವರೆಗೆ 2,000 ರೂಪಾಯಿ ಹೋಗಿರಬಹುದು. ಅದು ವಾಪಸ್ ಬಂದಿಲ್ಲ.

ಆದರೆ ನಿಜವಾದ ಸೋಲು ಎರಡನೇ ವಾರದಲ್ಲಿತ್ತು. ಮೊದಲು ಕರೆದೊಯ್ದವರ ಮನೆಗೆ ತಿಂಗಳ ನಂತರ ಹೋದಾಗ, ಒಲೆಯ ಮೇಲಿನ ಗೂಡಿನಲ್ಲಿ ಕಾಫಿಪುಡಿ ಡಬ್ಬಿಯ ಹಿಂದೆ ಮಸಿ ಹಿಡಿದ ಮಾತ್ರೆಯ ಪಟ್ಟಿ ಸಿಕ್ಕಿತು: ಹತ್ತರಲ್ಲಿ ನಾಲ್ಕು ಮಾತ್ರ ಖಾಲಿಯಾಗಿದ್ದವು. ಹೊಟ್ಟೆ ತೊಳಸಿತು, ಮಂಪರು ಬಂತು, ಗುಣ ಕಾಣಲಿಲ್ಲ, ಬಿಟ್ಟೆ ಎಂದರು. ಈ ಮಾತ್ರೆಗಳ ತೊಂದರೆ ಮೊದಲು ಕಾಣಿಸುತ್ತದೆ, ಗುಣ ಕಾಣಲು ಎರಡರಿಂದ ನಾಲ್ಕು ವಾರ, ಕೆಲವರಿಗೆ ಇನ್ನೂ ಹೆಚ್ಚು ಬೇಕು ಎಂಬುದನ್ನು ನಾನು ಅವರಿಗೆ ಮೊದಲೇ ಹೇಳಬೇಕಿತ್ತು. ಆಮೇಲೆ ಕರೆದೊಯ್ದವರ ಮನೆಗೆ ಮೂರನೇ ದಿನ, ಏಳನೇ ದಿನ, ನಂತರ ವಾರಕ್ಕೊಮ್ಮೆಯಂತೆ ನಾಲ್ಕು ವಾರ ತಪ್ಪದೆ ಹೋದೆ. ನಾಲ್ಕನೇ ವಾರದ ಹೊತ್ತಿಗೆ ಒಬ್ಬರು ಕೇಳದೆಯೇ ಕಾಫಿ ಕಾಸಿಕೊಟ್ಟರು. ಅವರ ಒಲೆ ಬೆಳಿಗ್ಗೆಯೇ ಉರಿದಿದ್ದನ್ನು ನಾನು ಅಂದೇ ಮೊದಲು ನೋಡಿದ್ದು. ಹುಷಾರಾದ ಮೇಲೂ ಕನಿಷ್ಠ ಆರು ತಿಂಗಳಾದರೂ ಮಾತ್ರೆ ಬೇಕು ಎಂಬುದಕ್ಕೆ ಗಂಡಂದಿರನ್ನು ಒಪ್ಪಿಸಲು ನನ್ನದೇ ಒಂದು ಮಾತಿದೆ. ಮನೆ ನೋಡಿ ಅದು ಬದಲಾಗುವುದರಿಂದ ಇಲ್ಲಿ ಬರೆಯುವುದಿಲ್ಲ.

ನಡುವೆ ಇನ್ನೆರಡು ಪ್ರಯೋಗ ಮಾಡಿದೆ. ಗೋಡೆಯ ಕ್ಯಾಲೆಂಡರಿನಲ್ಲಿ ಮಾತ್ರೆ ನುಂಗಿದ ದಿನಕ್ಕೆ ಒಂದು ಗೆರೆ, ಅಂಗಳ ಗುಡಿಸುವಂಥ ಒಂದು ಸಣ್ಣ ಕೆಲಸ ಮಾಡಿದ್ದಕ್ಕೆ ಇನ್ನೊಂದು ಗೆರೆ ಎಳೆಸಿದೆ. ಇದು ಚೆನ್ನಾಗಿ ನಡೆಯಿತು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿಸಿದ್ದು ಮಳೆಗಾಲದಲ್ಲಿ ಕೈಗೂಡಲಿಲ್ಲ, ಸಿಗ್ನಲ್ ಸಿಗುವುದು ಕಾಫಿ ಕಣದಲ್ಲಿ ಮಾತ್ರ. ಬೇಸಿಗೆಯಲ್ಲಿ ಇಬ್ಬರು ಅಲ್ಲಿ ನಿಂತೇ ಕನ್ನಡದಲ್ಲಿ ಬಹಳ ಹೊತ್ತು ಮಾತಾಡಿದರು.

ಬಿಟ್ಟ ಮೂವರಲ್ಲಿ ಇಬ್ಬರು ಕೊಯ್ಲು ಮುಗಿಸಿ ಬೇರೆ ತೋಟಕ್ಕೆ ಹೋದರು. ಮೂರನೆಯವರು ಮೊನ್ನೆ ತಾವಾಗಿಯೇ ನನ್ನ ಮನೆ ಬಾಗಿಲಿಗೆ ಬಂದರು. ಬರುವ ಮಂಗಳವಾರದ ಹಾಜರಿಯ ವಿಚಾರವನ್ನು ರೈಟರ್ ಬಳಿ ಮಾತಾಡಿ ಬಂದಿದ್ದೇನೆ.