‘ಸಾಧಿಸಿಲ್ಲ’ ಕಾಲಂನ ಜೊತೆಗೆ ನಾನು ಲಗತ್ತಿಸುವ ಹಾಳೆ

ತರಗತಿವಾರು ಕಲಿಕಾ ಮಾನದಂಡಗಳ ಪಟ್ಟಿಯಲ್ಲಿ ನನ್ನ ಮಕ್ಕಳ ಹೆಸರಿನ ಮುಂದೆ ಬೀಳುವುದು ಸಾಮಾನ್ಯವಾಗಿ ಒಂದೇ ಗುರುತು: ‘ಸಾಧಿಸಿಲ್ಲ’. ವರ್ಷದ ಆರಂಭದಲ್ಲೂ ಅದೇ, ಕೊನೆಯಲ್ಲೂ ಅದೇ. ನಾನು ವಿಶೇಷ ಶಿಕ್ಷಕಿ. ಬೌದ್ಧಿಕ ಅಂಗವೈಕಲ್ಯ, ಆಟಿಸಂ ಇರುವ ಮಕ್ಕಳ ಜೊತೆ ನನ್ನ ಕೆಲಸ. ಪಾಲಕರ ಸಭೆಯಲ್ಲಿ ಒಬ್ಬ ತಾಯಿ ಆ ಪಟ್ಟಿ ನೋಡಿ, “ಎಲ್ಲಾ ಕಡೆ ಇಲ್ಲ ಇಲ್ಲ ಅಂತಾನೇ ಇದೆಯಲ್ಲ ಮೇಡಂ, ಹಂಗಾದ್ರೆ ವರ್ಷಪೂರ್ತಿ ಇವನೇನು ಕಲಿತ?” ಎಂದರು. ಕಲಿತದ್ದು ಬೇಕಾದಷ್ಟಿತ್ತು. ಆ ಪಟ್ಟಿಯಲ್ಲಿ ಅದಕ್ಕೆ ಜಾಗವಿರಲಿಲ್ಲ.

ಅವರ ಮಗ ನಾಲ್ಕನೇ ತರಗತಿ. ಪಟ್ಟಿಯ ಪ್ರಕಾರ ಅವನು ಭಿನ್ನರಾಶಿಗಳನ್ನು ಹೋಲಿಸಬೇಕು. ಇಪ್ಪತ್ತರವರೆಗೆ ಬಾಯಿಪಾಠ ಒಪ್ಪಿಸುತ್ತಿದ್ದ, ಆದರೆ ಮೂರು ಪೆನ್ಸಿಲ್ ತಾ ಎಂದರೆ ಕೈಗೆ ಬಂದಷ್ಟು ತರುತ್ತಿದ್ದ. ಎಣಿಸುವುದು ನೋಡಲಷ್ಟೇ ಸುಲಭ. 1978ರಲ್ಲಿ ಗೆಲ್ಮನ್ ಮತ್ತು ಗ್ಯಾಲಿಸ್ಟೆಲ್ ಎಂಬ ಮನೋವಿಜ್ಞಾನಿಗಳು ಅದರೊಳಗೆ ಐದು ತತ್ವಗಳನ್ನು ಗುರುತಿಸಿದರು: ಒಂದು ವಸ್ತುವಿಗೆ ಒಂದೇ ಸಂಖ್ಯೆ; ಸಂಖ್ಯೆಗಳ ಕ್ರಮ ಬದಲಾಗದು; ಕೊನೆಗೆ ಹೇಳಿದ ಸಂಖ್ಯೆಯೇ ಒಟ್ಟು; ಯಾವುದನ್ನಾದರೂ ಎಣಿಸಬಹುದು; ಎಲ್ಲಿಂದ ಶುರು ಮಾಡಿದರೂ ಒಟ್ಟು ಅಷ್ಟೇ. ಹುಡುಗನಿಗೆ ಎರಡನೆಯದು ಗಟ್ಟಿಯಾಗಿತ್ತು, ಮೊದಲನೆಯದು ಅರೆಬರೆ, ಮೂರನೆಯದು ಇರಲೇ ಇಲ್ಲ. ಇಂಥ ಮಗುವಿನ ಕೈ ಹಿಡಿದು ವೃತ್ತದ ಅರ್ಧಕ್ಕೆ ಬಣ್ಣ ಹಚ್ಚಿಸಿ, ‘ಭಿನ್ನರಾಶಿ ಚಟುವಟಿಕೆ’ ಎಂದು ಫೈಲಿಗೆ ಸೇರಿಸುವ ರೂಢಿಯೊಂದಿದೆ. ಬಣ್ಣ ಹಚ್ಚಿದ್ದು ಯಾರ ಕೈ ಎಂದು ತಪಾಸಣೆಗೆ ಬಂದವರು ಕೇಳುವುದಿಲ್ಲ. ನನಗೆ ಸಿಟ್ಟು ಬರುವುದು ಇಲ್ಲೇ.

ನಾನು ಹಿಡಿದ ದಾರಿ ಹಳೆಯದು. 1968ರಲ್ಲಿ ಕಿರೆಸುಕ್ ಮತ್ತು ಶರ್ಮನ್ ಮಾನಸಿಕ ಆರೋಗ್ಯ ಸೇವೆಗಳಿಗಾಗಿ ರೂಪಿಸಿದ ‘ಗೋಲ್ ಅಟೈನ್‌ಮೆಂಟ್ ಸ್ಕೇಲಿಂಗ್’, ಅಂದರೆ ಒಬ್ಬೊಬ್ಬರಿಗೂ ಅವರದೇ ಗುರಿ ಇಟ್ಟು, ಅದನ್ನು ಎಷ್ಟು ತಲುಪಿದರೆಂದು ಅಳೆಯುವ ವಿಧಾನ. ಒಂದು ಗುರಿಗೆ ಐದು ಮೆಟ್ಟಿಲು, −2ರಿಂದ +2ರವರೆಗೆ. ನಿರೀಕ್ಷಿಸಿದ ಮಟ್ಟ 0. ಮಗು ಈಗ ಇರುವಲ್ಲಿಗೆ ನಾನು −2 ಎಂದು ಬರೆಯುತ್ತೇನೆ. ಈ ಹುಡುಗನಿಗೆ −2 ಎಂದರೆ ಕೇಳಿದ ಸಂಖ್ಯೆಗೂ ತಂದದ್ದಕ್ಕೂ ಸಂಬಂಧವಿಲ್ಲ. −1ರಲ್ಲಿ ಒಂದು ಮತ್ತು ಎರಡು ಕೇಳಿದಾಗ ಸರಿಯಾಗಿ ತರುತ್ತಾನೆ, 0 ಎಂದರೆ ಮೂರರವರೆಗೆ, +1 ನಾಲ್ಕರವರೆಗೆ, +2 ಐದರವರೆಗೆ.

ಕಷ್ಟವಿರುವುದು ಮೆಟ್ಟಿಲುಗಳನ್ನು ಬರೆಯುವುದರಲ್ಲಿ. ‘ಚೆನ್ನಾಗಿ’, ‘ಆಸಕ್ತಿಯಿಂದ’ ಎಂಬ ಪದ ನುಸುಳಿತೋ, ಹಾಳೆ ಕೆಟ್ಟಿತು. ನಾನಿಲ್ಲದ ದಿನ ಬೇರೆ ಶಿಕ್ಷಕರು ನೋಡಿದರೂ ಅದೇ ಅಂಕ ಬೀಳಬೇಕು. ಒಂದು ಅಳತೆಯಲ್ಲಿ ಒಂದೇ ಸಂಗತಿ ಬದಲಾಗಬೇಕು. ಸಂಖ್ಯೆ ಹೆಚ್ಚುತ್ತಿದ್ದರೆ ನೆರವು ಕಡಿಮೆ ಮಾಡುವುದನ್ನು ಅಲ್ಲಿಗೇ ತುರುಕಬಾರದು. ನೆರವಿಗೆ ಪ್ರತ್ಯೇಕ ಸಾಲು: ಕೈ ಹಿಡಿದು ಮಾಡಿಸಿದೆನೋ, ಬೆರಳು ತೋರಿಸಿದೆನೋ, ಬಾಯಲ್ಲಿ ಹೇಳಿದೆನೋ, ಸುಮ್ಮನಿದ್ದೆನೋ. ಇನ್ನೊಂದು ಅಪಾಯವೂ ಇದೆ. ಗುರಿ ಇಡುವವಳೂ ನಾನೇ, ಅಂಕ ಹಾಕುವವಳೂ ನಾನೇ ಆದರೆ ಎಲ್ಲರೂ +2 ಆಗುವುದು ಕಷ್ಟವೇನಲ್ಲ. ಆದ್ದರಿಂದ ಗುರಿಗಳನ್ನು ಶುರುವಿನಲ್ಲೇ ತರಗತಿ ಶಿಕ್ಷಕರಿಗೂ ಮನೆಯವರಿಗೂ ತೋರಿಸಿ ಒಪ್ಪಿಗೆ ಪಡೆಯುತ್ತೇನೆ. “ಇದನ್ನ ಮನೇಲಿ ಆಗಲೇ ಮಾಡ್ತಾನಲ್ಲ” ಎಂದು ಮನೆಯವರು ಹೇಳಿದ್ದುಂಟು. ಅಲ್ಲಿಗೆ ಗುರಿ ಬದಲು.

ಇಷ್ಟು ಗೊಣಗಿದರೂ ಮಾನದಂಡಗಳನ್ನೇ ಕಿತ್ತುಹಾಕಿ ಎನ್ನಲಾರೆ. ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ದೇಹದ ಚಲನೆ ಕಷ್ಟವಾಗುವ ಸ್ಥಿತಿ) ಇರುವ ಹುಡುಗಿಯೊಬ್ಬಳು ಮಾತಾಡುವುದಿಲ್ಲ, ಚಿತ್ರಫಲಕದ ಮೇಲೆ ಕಣ್ಣಿನಲ್ಲೇ ಉತ್ತರ ತೋರಿಸುತ್ತಾಳೆ. ವಿಜ್ಞಾನದಲ್ಲಿ ಅವಳು ತರಗತಿಯ ಮಟ್ಟಕ್ಕೇ ಇದ್ದಾಳೆ. ಮಾನದಂಡದ ಪಟ್ಟಿ ಇಲ್ಲದಿದ್ದರೆ ಅವಳನ್ನೂ ಮಣಿ ಪೋಣಿಸಲು ಕೂರಿಸಿಬಿಡುತ್ತಿದ್ದರು. ಅವಳಿಗೆ ಬದಲಾಗಬೇಕಾದದ್ದು ಉತ್ತರಿಸುವ ವಿಧಾನ ಮತ್ತು ಸಮಯ, ಪಾಠವನ್ನು ಮುಟ್ಟಬೇಕಿಲ್ಲ. ಹುಡುಗನಿಗೆ ಪಾಠವೇ ಬದಲಾಗಬೇಕು. ಒಂದೇ ಫಾರಂ ಇಬ್ಬರನ್ನೂ ಒಂದೇ ಕಾಲಂಗೆ ತಳ್ಳುತ್ತದೆ. ವಿಶ್ವಸಂಸ್ಥೆ 2006ರಲ್ಲಿ ಅಂಗೀಕರಿಸಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 24ನೇ ವಿಧಿ, ಎಲ್ಲರ ಜೊತೆ ಕಲಿಯುವ ಹಕ್ಕನ್ನೂ ವ್ಯಕ್ತಿಗೆ ತಕ್ಕ ನೆರವನ್ನೂ ಒಟ್ಟಿಗೇ ಹೇಳುತ್ತದೆ. ದಾಖಲಾತಿಯ ಹೊತ್ತಿಗೆ ಮೊದಲರ್ಧ ಎಲ್ಲರಿಗೂ ನೆನಪಿರುತ್ತದೆ.

ಹುಡುಗ ವರ್ಷದ ಕೊನೆಗೆ +1ಕ್ಕೆ ಬಂದ. ಅಧಿಕೃತ ಪಟ್ಟಿಯಲ್ಲಿ ಈಗಲೂ ‘ಸಾಧಿಸಿಲ್ಲ’ ಎಂದೇ ಇದೆ. ಅದರ ಹಿಂದೆ ನನ್ನ ಹಾಳೆಯನ್ನು ಪಿನ್ ಮಾಡುತ್ತೇನೆ. ತಾಯಿ ಅದರ ಒಂದು ಪ್ರತಿ ಕೇಳಿ ತೆಗೆದುಕೊಂಡು ಹೋದರು. ಶಾಲೆಗೂ ಹಾಳೆ ಹಿಡಿಸಿದೆ, ಸ್ವಲ್ಪ ಅತಿಯಾಗಿಯೇ. ಎಲ್ಲ ಮಕ್ಕಳ ಅಂಕ ಸೇರಿಸಿ ಒಂದು ಸರಾಸರಿ ಕೊಡಿ, ವರದಿಗೆ ಹಾಕೋಣ ಎಂದರು. ಮೂಲ ವಿಧಾನದಲ್ಲಿ ಅಂಕಗಳನ್ನು ಒಟ್ಟುಗೂಡಿಸುವ ಸೂತ್ರವೂ ಇದೆ. ಆದರೆ ಒಬ್ಬನ ಪೆನ್ಸಿಲ್ ಎಣಿಕೆಗೆ ಇನ್ನೊಬ್ಬಳ ಶೌಚಾಲಯ ಅಭ್ಯಾಸವನ್ನು ಕೂಡಿ ಭಾಗಿಸಿದರೆ ಬರುವ ಸಂಖ್ಯೆಯಿಂದ ನಾಳೆ ಯಾರಿಗೆ ಏನು ಕಲಿಸಲಿ? ಸರಾಸರಿ ಕೊಡಲಾಗದು, ಹಾಳೆಗಳನ್ನೇ ಬಂದು ನೋಡಿ ಎಂದೆ. ಇನ್ನೂ ಬಂದಿಲ್ಲ.