ಕಾರಿನೊಳಗೆ ಅಪ್ಪನ ಯೆಜ್ಡಿ: ಕಟ್ಟುವುದು ಹೀಗೆ

ಹಳೆ ಕಾಲದ ಚೆಲುವಿನ ಕಾರು ಕಟ್ಟಬೇಕು, ಅದರೊಳಗೆ ಬೈಕ್ ಕೂಡ ನಿಲ್ಲಬೇಕು ಅಂತ ಆಸೆ ಇದ್ದರೆ, ಮೊದಲು ಪತ್ರಾ (ಕಬ್ಬಿಣದ ತಗಡು) ಕತ್ತರಿಸಬೇಡಿ. ಬೈಕ್ ಅಳೆಯಿರಿ. ಬೆಳಗಾವಿಯ ಉದ್ಯಮಬಾಗದಲ್ಲಿ ನನ್ನದೊಂದು ಫ್ಯಾಬ್ರಿಕೇಶನ್ ಶೆಡ್ ಇದೆ. ಅಪ್ಪನ ಬೈಕ್ ಯೆಜ್ಡಿ ರೋಡ್‌ಕಿಂಗ್‌ಗೋಸ್ಕರ ಹಳೆ ಜೀಪಿನ ಚಾಸಿ (ತಳದ ಚೌಕಟ್ಟು) ಮೇಲೆ ಇಂಥದ್ದೊಂದು ಕಾರು ಕಟ್ಟಿದ್ದೇನೆ.

ಬೈಕನ್ನು ನೆಲದ ಮೇಲೆ ನಿಲ್ಲಿಸಿ, ಸುತ್ತ ಸೀಮೆಸುಣ್ಣದಿಂದ ಗೆರೆ ಹಾಕಿ. ಮಿರರ್ ಬಿಚ್ಚಿ, ಹ್ಯಾಂಡಲ್ ನೇರ ಇರಲಿ. ಯೆಜ್ಡಿಗೆ ಕಿಕ್ಕು, ಗೇರು ಎರಡೂ ಒಂದೇ ಲಿವರ್, ಅದೂ ಎಡಗಡೆ. ಹಾಗಾಗಿ ಎಡಕ್ಕೆ ಒಂದು ಗೇಣು ಜಾಸ್ತಿ ಜಾಗ ಬಿಟ್ಟೆ.

ಇನ್ನು ಭಾರ. ಇಲ್ಲೇ ಜಾಸ್ತಿ ಜನ ತಪ್ಪುತ್ತಾರೆ. ಯೆಜ್ಡಿ ಸುಮಾರು 140 ಕಿಲೋ. ಅಷ್ಟೂ ಭಾರ ಕಾರಿನ ಹಿಂದಿನ ಆಕ್ಸಲ್‌ನ (ಗಾಲಿಗಳ ಅಚ್ಚಿನ) ಆಚೆ ಬಿದ್ದರೆ ಕಾರಿನ ಮೂತಿ ಹಗುರಾಗುತ್ತದೆ, ಸ್ಟೇರಿಂಗ್ ಹಿಡಿತಕ್ಕೆ ಬರುವುದಿಲ್ಲ. ಬೈಕಿನ ಇಂಜಿನ್ ಆಕ್ಸಲ್‌ಗಿಂತ ಮುಂದೆ ಬರಬೇಕು. ಅದಕ್ಕೇ ನಾನು ಪಕ್ಕದ ಸೀಟು ತೆಗೆದುಬಿಟ್ಟೆ. ಈಗ ಯೆಜ್ಡಿಯ ಮುಂದಿನ ಗಾಲಿ ನನ್ನ ಎಡಗೈ ಹತ್ತಿರ ಬಂದು ನಿಲ್ಲುತ್ತದೆ. ಅಪ್ಪ ಪಕ್ಕದಲ್ಲಿ ಕೂತಂತೆ ಇರುತ್ತದೆ.

ಕಾರಿನ ಗೂಡಿಗೆ (ಒಳಚೌಕಟ್ಟಿಗೆ) ಚೌಕ ಪೈಪು, ಮೈಗೆ 18 ಗೇಜ್ (ಸುಮಾರು 1.2 ಮಿಲಿಮೀಟರ್ ದಪ್ಪ) ಪತ್ರಾ ಸಾಕು. ಉದ್ದ ಬಾನೆಟ್, ದುಂಡು ಹೆಡ್‌ಲೈಟ್, ಬಾಗಿದ ಮಡ್‌ಗಾರ್ಡ್, ಕೆಳಗೆ ಫುಟ್‌ಬೋರ್ಡ್. ಮಡ್‌ಗಾರ್ಡನ್ನು ಮೊದಲು ರಟ್ಟಿನಲ್ಲಿ ಮಾಡಿ ನೋಡಿ, ಆಮೇಲೆ ಮರಳಿನ ಚೀಲದ ಮೇಲೆ ಪತ್ರಾ ಇಟ್ಟು ಮರದ ಸುತ್ತಿಗೆಯಿಂದ ಮೆಲ್ಲಗೆ ಬಡಿಯಿರಿ. ಅವಸರ ಮಾಡಿದರೆ ಪತ್ರಾ ಸುಕ್ಕುಗಟ್ಟುತ್ತದೆ. ವೆಲ್ಡಿಂಗ್‌ಗೆ ಮುಂಚೆ ಬ್ಯಾಟರಿ ವೈರ್ ಬಿಚ್ಚಿ.

ಬೈಕ್ ಹತ್ತಿಸುವ ಹಲಗೆ ಉದ್ದ ಇರಲಿ. ಕಾರಿನ ನೆಲ 50 ಸೆಂಟಿಮೀಟರ್ ಎತ್ತರ ಇದ್ದರೆ, 1.2 ಮೀಟರ್ ಹಲಗೆ ಮೇಲೆ ಯೆಜ್ಡಿ ತಳ್ಳಲು ಹೆಚ್ಚುಕಡಿಮೆ 58 ಕಿಲೋ ಬಲ ಬೇಕು. 1.8 ಮೀಟರ್ ಆದರೆ 39 ಸಾಕು. ಹಲಗೆಗೆ ಜಾಲಿ ಪತ್ರಾ ಹೊದಿಸಿ. ನಮ್ಮ ಬೆಳಗಾವಿ ಮಳೆಗೆ ನುಣುಪು ಪತ್ರಾ ಜಾರುತ್ತದೆ.

ಮೊದಲ ಸಲ ಸೈಡ್ ಸ್ಟ್ಯಾಂಡ್ ಹಾಕಿ, ಬರೀ ನೂಲಿನ ಹಗ್ಗ ಕಟ್ಟಿದ್ದೆ. ಶೆಡ್ಡಿನ ಅಂಗಳದಲ್ಲೇ ಒಂದು ತಿರುವಿಗೆ ಬೈಕ್ ವಾಲಿ, ಟ್ಯಾಂಕ್‌ಗೆ ನೆಗ್ಗು ಬಿತ್ತು. ಅಪ್ಪ ಇಪ್ಪತ್ತು ವರ್ಷ ಒರೆಸಿದ ಟ್ಯಾಂಕ್ ಅದು. ಆ ರಾತ್ರಿ ನಿದ್ದೆ ಬರಲಿಲ್ಲ. ಈಗ ಮುಂದಿನ ಗಾಲಿಗೆ ಕಬ್ಬಿಣದ ತೊಟ್ಟಿಲು ಇದೆ. ನಾಲ್ಕು ರ್‍ಯಾಚೆಟ್ ಬೆಲ್ಟ್ (ಹಿಡಿಕೆ ಆಡಿಸಿ ಬಿಗಿಯುವ ಪಟ್ಟಿ) ನಾಲ್ಕು ಮೂಲೆಗೆ ಎಳೆಯುತ್ತೇನೆ. ಫೋರ್ಕ್ (ಮುಂದಿನ ಗಾಲಿಯ ಸ್ಪ್ರಿಂಗ್ ಕಾಲು) ಅರ್ಧ ಕುಗ್ಗಿದರೆ ಸಾಕು, ಪೂರ್ತಿ ಎಳೆದರೆ ಆಯಿಲ್ ಸೀಲ್ ಹೋಗುತ್ತದೆ.

ಪೆಟ್ರೋಲ್ ಕಾಕ್ (ಟ್ಯಾಂಕಿನ ನಲ್ಲಿ) ಮುಚ್ಚಿ, ಟ್ಯಾಂಕ್ ಖಾಲಿ ಮಾಡಿಯೇ ಬೈಕ್ ಹತ್ತಿಸಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಕೆಳಗೇ ಕೂರುತ್ತದೆ. ಗಾಳಿ ಕಿಂಡಿಗಳನ್ನು ನೆಲದ ಮಟ್ಟದಲ್ಲಿ ಕೊರೆಯಿರಿ.

ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಗಾಡಿಯ ಮೂಲ ರೂಪ ಹೀಗೆ ಬದಲಿಸಿ ರಸ್ತೆಗೆ ಇಳಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ನನ್ನದು ಅಂಗಳದಲ್ಲಿ ಓಡುವ ಕಾರು. ಬೇರೆ ಕಡೆ ತೋರಿಸಬೇಕಾದರೆ ಲಾರಿ ಮೇಲೆ ಹೇರಿ ಒಯ್ಯುತ್ತೇನೆ.

ಅಂಗಳದಲ್ಲೇ ಆಗಲಿ, ನೂರು ಅಡಿ ಹೋಗಿ ನಿಲ್ಲಿಸಿ, ನಾಲ್ಕೂ ಬೆಲ್ಟ್ ಮತ್ತೊಮ್ಮೆ ಎಳೆದು ನೋಡಿ.