ತುಮಕೂರಿನಿಂದ ತಾಕ್ವಾರೆಂಬೊಗೆ: ಗೌಚೊಗಳ ಜಾತ್ರೆಗೆ ಹೋಗುವವರಿಗೆ

ಸಿದ್ಧಗಂಗೆಯ ದನಗಳ ಜಾತ್ರೆಯಲ್ಲಿ ಹಗ್ಗ, ಮೂಗುದಾರ, ಕೊರಳಗೆಜ್ಜೆ ಮಾರುವುದು ನಮ್ಮ ಮನೆಯ ಕಸುಬು. ಮಗಳು ದಕ್ಷಿಣ ಅಮೆರಿಕದ ಉರುಗ್ವೆ ದೇಶದ ಮೊಂಟೆವಿಡಿಯೊದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾಳೆ. ಅವಳನ್ನು ನೋಡಲು ಹೋದವನು ತಾಕ್ವಾರೆಂಬೊ ಊರಿಗೂ ಹೋಗಿ ಬಂದೆ. ನೀವೂ ಹೋಗುವುದಾದರೆ ನನಗೆ ತಿಳಿದಷ್ಟು ಹೇಳುತ್ತೇನೆ.

ಮಾರ್ಚ್ ತಿಂಗಳ ಶುರುವಿನಲ್ಲೇ ಹೋಗಿ. ಆಗ ಅಲ್ಲಿ ‘ಪಾತ್ರಿಯಾ ಗೌಚಾ’ ಹಬ್ಬ. 1987ರಿಂದ ನಡೆದುಕೊಂಡು ಬಂದಿದೆ. ಗೌಚೊ ಅಂದರೆ ಕುದುರೆ ಏರಿ ದನ ಕಾಯುವವನು. ತಾರೀಖು ವರ್ಷ ವರ್ಷ ಸ್ವಲ್ಪ ಹಿಂದೆಮುಂದೆ ಆಗುತ್ತದೆ, ನೋಡಿಕೊಂಡೇ ಟಿಕೆಟ್ ಮಾಡಿಸಿ. ನಮ್ಮ ಶಿವರಾತ್ರಿ ಜಾತ್ರೆಯೂ ಅದರ ಆಸುಪಾಸಿನಲ್ಲೇ ಬರುವುದರಿಂದ, ಕೆಲವು ವರ್ಷ ನಮ್ಮಂಥ ವ್ಯಾಪಾರದವರು ಎರಡರಲ್ಲಿ ಒಂದನ್ನು ಬಿಡಲೇಬೇಕು.

ಬೆಂಗಳೂರಿನಿಂದ ನೇರ ವಿಮಾನ ಇಲ್ಲ. ಮ್ಯಾಡ್ರಿಡ್ ಅಥವಾ ಸಾವ್ ಪೌಲೊ ಮೇಲೆ ಹೋಗಬೇಕು. ವೀಸಾ ಕೆಲಸ ಮೊದಲು ಮುಗಿಸಿ, ಉರುಗ್ವೆ ರಾಯಭಾರ ಕಚೇರಿ ದೆಹಲಿಯಲ್ಲಿದೆ. ವಾಪಸ್ ಬರುವಾಗ ಬ್ರೆಜಿಲ್‌ನಲ್ಲಿ ಇಳಿದು ಊರು ನೋಡುವ ಆಸೆ ಇದ್ದರೆ ಹಳದಿ ಜ್ವರದ ಲಸಿಕೆ ಹೊರಡುವ ಮುಂಚೆಯೇ ಹಾಕಿಸಿಕೊಳ್ಳಿ. ಆ ಕಾರ್ಡ್ ಇಲ್ಲದಿದ್ದರೆ ನಮ್ಮ ದೇಶದ ವಿಮಾನ ನಿಲ್ದಾಣದಲ್ಲೇ ತಡೆಯುತ್ತಾರೆ. ಲಸಿಕೆ ಹಾಕಿಸಿ ಹತ್ತು ದಿನ ಆದ ಮೇಲೇ ಕಾರ್ಡ್‌ಗೆ ಬೆಲೆ.

ಮೊಂಟೆವಿಡಿಯೊದ ತ್ರೆಸ್ ಕ್ರೂಸೆಸ್ ಬಸ್ ನಿಲ್ದಾಣದಿಂದ ತಾಕ್ವಾರೆಂಬೊಗೆ ಸುಮಾರು 390 ಕಿಲೋಮೀಟರ್. ಐದು ಗಂಟೆ ಚಿಲ್ಲರೆ. ದಾರಿಯುದ್ದಕ್ಕೂ ಹುಲ್ಲು, ಬೇಲಿ, ದನ. ಆ ದೇಶದಲ್ಲಿ ಜನ ಮೂವತ್ತೈದು ಲಕ್ಷ, ದನ ಒಂದು ಕೋಟಿಗಿಂತ ಜಾಸ್ತಿ. 1600ರ ಆಚೆಗೆ ಎರ್ನಾಂದಾರಿಯಾಸ್ ಎಂಬ ಗವರ್ನರ್ ಒಂದಷ್ಟು ದನ ತಂದು ಬಿಟ್ಟನಂತೆ. ಕಾಯುವವರಿಲ್ಲದೆ ಅವು ಕಾಡುದನಗಳಾಗಿ ಹೆಚ್ಚಿಕೊಂಡವು. ಅವುಗಳನ್ನು ಹಿಡಿದು ತೊಗಲು ಮಾರಿ ಬದುಕಿದವರೇ ಗೌಚೊಗಳು. 1870ರ ದಶಕದಲ್ಲಿ ತಂತಿಬೇಲಿ ಬಂದ ಮೇಲೆ ಆ ಅಲೆದಾಟ ನಿಂತು, ಕೂಲಿ ಶುರುವಾಯಿತು.

ಹಬ್ಬ ನಡೆಯುವುದು ಊರಿಗೆ ಅಂಟಿಕೊಂಡಿರುವ ಲಾಗುನಾ ದೆ ಲಾಸ್ ಲಾವಾಂದೆರಾಸ್ ಎಂಬ ಕೆರೆಯ ದಡದಲ್ಲಿ. ಎಲ್ಲರೂ ಓಡುವುದು ಕುದುರೆ ಪಳಗಿಸುವ ಪಂದ್ಯಕ್ಕೆ. ಕಂಬಕ್ಕೆ ಕಟ್ಟಿದ ಕುದುರೆಯ ಮೇಲೆ ಸವಾರ ಕೂರುತ್ತಾನೆ, ಬಿಟ್ಟ ತಕ್ಷಣ ಅದು ಕುಪ್ಪಳಿಸುತ್ತದೆ, ಗಂಟೆ ಹೊಡೆದಾಗ ಅಕ್ಕಪಕ್ಕದಿಂದ ಇಬ್ಬರು ಕುದುರೆಯಲ್ಲಿ ಬಂದು ಅವನನ್ನು ಎತ್ತಿಕೊಳ್ಳುತ್ತಾರೆ. ನೋಡಿ, ಬೇಡ ಅನ್ನುವುದಿಲ್ಲ. ಆದರೆ ಅರ್ಧ ದಿನ ಸಾಕು. ನಿಜವಾದ ಜಾತ್ರೆ ಇರುವುದು ಗುಡಿಸಲುಗಳ ಕಡೆ. ಗೌಚೊ ಸಂಘಗಳು ಮಣ್ಣು, ಹುಲ್ಲಿನಲ್ಲಿ ಹಳೇ ಕಾಲದ ಮನೆ ಕಟ್ಟಿ, ಮುಂದೆ ಬೆಂಕಿ ಹಾಕಿ ಕೂತಿರುತ್ತವೆ. ಯಾರದು ಚೆನ್ನಾಗಿದೆ ಅಂತ ಬಹುಮಾನವೂ ಉಂಟು. ವಾರದ ದಿನ ಬೆಳಿಗ್ಗೆ ಹೋದರೆ ಕೂತು ಮಾತಾಡುವಷ್ಟು ಪುರುಸೊತ್ತು ಅವರಿಗೂ ಇರುತ್ತದೆ. ಭಾನುವಾರ ಕಾಲಿಡಲು ಜಾಗ ಇರಲ್ಲ.

ನಾನು ಜಾಸ್ತಿ ಹೊತ್ತು ಕೂತಿದ್ದು ಹಗ್ಗ ಹೆಣೆಯುವ ಒಬ್ಬ ಮುದುಕಪ್ಪನ ಹತ್ತಿರ. ಹದ ಹಾಕದ ಹಸಿ ತೊಗಲನ್ನು ಅಂಚಿನಿಂದ ಸುತ್ತಿಸುತ್ತಾ ಒಂದೇ ಎಳೆಯಾಗಿ ಸೀಳುತ್ತಾರೆ. ಅಳತೆಪಟ್ಟಿ ಇಲ್ಲ. ಹೆಬ್ಬೆರಳನ್ನು ಚಾಕುವಿಗೆ ಆನಿಸಿ ಹಿಡಿದರೆ ಅದೇ ಅಳತೆ. ನಾಲ್ಕು ಎಳೆ ಸೇರಿಸಿ ಹೆಣೆದರೆ ದನ ಹಿಡಿಯಲು ಬೀಸುವ ಹಗ್ಗ ರೆಡಿ. ಒಂದು ತುದಿಗೆ ಕಬ್ಬಿಣದ ಬಳೆ, ಇನ್ನೊಂದು ತುದಿ ಕುದುರೆಯ ಹೊಟ್ಟೆಪಟ್ಟಿಗೆ. ಹೋರಿ ಎಳೆದಾಗ ಭಾರ ಕುದುರೆಯ ಮೇಲೆ, ಆಳಿನ ಕೈ ಮೇಲಲ್ಲ. ಎತ್ತು ಹೂಡಿ ಬಾವಿ ನೀರೆತ್ತುವ ಕಪಿಲೆಗೆ ಕಟ್ಟುತ್ತಿದ್ದ ತೊಗಲಿನ ಮಿಣಿ ಕಂಡವರಿಗೆ ಈ ಹಗ್ಗ ಮುಟ್ಟಿದರೇ ಗೊತ್ತಾಗುತ್ತದೆ. ಈಗ ನಾವು ಮಾರುವುದೆಲ್ಲ ನೈಲಾನ್, ಇರಲಿ ಬಿಡಿ. ಜೀನನ್ನೂ ಬಿಚ್ಚಿ ತೋರಿಸಿ ಅಂತ ಸನ್ನೆ ಮಾಡಿ. ಪದರ ಪದರವಾಗಿ ಬಿಚ್ಚುತ್ತಾರೆ: ಬೆವರು ಹೀರುವ ಬಟ್ಟೆ, ತೊಗಲು, ದಿಂಬು, ಮೇಲೆ ಕುರಿಚರ್ಮ. ರಾತ್ರಿ ಬಯಲಲ್ಲಿ ಅದನ್ನೇ ಹಾಸಿಕೊಂಡು ಮಲಗುತ್ತಿದ್ದರು.

ಬೆಂಕಿ ಹತ್ತಿರ ಕೂತರೆ ‘ಮಾತೆ’ ಅನ್ನುವುದು ಕುಡಿಯಲು ಬರುತ್ತದೆ. ಒಣಸೊಪ್ಪಿನ ಪುಡಿಗೆ ಬಿಸಿನೀರು ಹಾಕಿ ಸೋರೆ ಬುರುಡೆಯಲ್ಲಿ ಕೊಡುವ ಕಹಿ ಪಾನೀಯ. ಎಲ್ಲರಿಗೂ ಒಂದೇ ಲೋಹದ ಕೊಳವೆ. ಎಂಜಲು ಅಲ್ವಾ ಅಂತ ನಮಗೆ ಮೊದಲು ಅನಿಸುವುದೇ ಅದು. ಮನಸ್ಸು ಒಪ್ಪದಿದ್ದರೆ ಮೊದಲೇ ಎದೆ ಮೇಲೆ ಕೈ ಇಟ್ಟು ನಗುತ್ತಾ ಬೇಡ ಅನ್ನಿ, ಯಾರೂ ಬೇಜಾರು ಮಾಡಿಕೊಳ್ಳಲ್ಲ. ತಗೊಂಡರೆ ಪೂರ್ತಿ ಹೀರಿ, ತಿರುಗಿ ಅದನ್ನು ತುಂಬಿಸುವವನ ಕೈಗೇ ಕೊಡಿ. ಕೊಳವೆಯನ್ನು ಸುಮ್ನೆ ಅಲ್ಲಾಡಿಸಬೇಡಿ. ‘ಗ್ರಾಸಿಯಾಸ್’ (ಧನ್ಯವಾದ) ಅಂತ ಹೇಳಿದರೆ ಇನ್ನು ಸಾಕು ಅಂತ ಲೆಕ್ಕ, ಆಮೇಲೆ ನಿಮ್ಮ ಸರದಿ ಬರಲ್ಲ.

ಊಟದ ವಿಷಯ. ಎಲ್ಲಾ ಕಡೆ ಸುಡುತ್ತಿರುವುದು ದನದ ಮಾಂಸವೇ. ನಾನು ಮಾಂಸ ತಿನ್ನುವವನಲ್ಲ. ಹೊಗೆ ಬಾರದ ಕಡೆ ಕೂತೆ, ಅಷ್ಟೇ. ಅವರ ಮನೆ, ಅವರ ಅಡುಗೆ. ಆದರೆ ಒಂದು ಎಚ್ಚರ: ಪೂರಿಯ ಹಾಗೆ ಕಾಣುವ ತೋರ್ತಾ ಫ್ರಿತಾವನ್ನು ಹೆಚ್ಚಾಗಿ ದನದ ಕೊಬ್ಬಿನಲ್ಲೇ ಕರಿಯುತ್ತಾರೆ. ‘ಗ್ರಾಸಾ?’ ಅಂತ ಕೇಳಿ ನೋಡಿ, ಹೌದು ಅಂದರೆ ಮುಂದೆ ಹೋಗಿ. ಕಡ್ಲೆಹಿಟ್ಟಿನ ಫೈನಾ ಧೈರ್ಯವಾಗಿ ತಿನ್ನಬಹುದು. ಕೆಂಡದ ಮೇಲೆ ಕಾಯಿಸಿದ ಪ್ರೊವೊಲೋನೆ ಚೀಸ್ ಇದೆ, ಹಾಲು ಸಕ್ಕರೆ ಕುದಿಸಿ ಮಾಡುವ ದುಲ್ಸೆ ದೆ ಲೆಚೆ ಇದೆ. ಸೊಪ್ಪಿನ ಪಾಸ್ಕುವಾಲಿನಾದೊಳಗೆ ಮೊಟ್ಟೆ ಇರುತ್ತದೆ. ಚಟ್ನಿಪುಡಿಯ ಸೀಲ್ ಮಾಡಿದ ಪ್ಯಾಕೆಟ್ ಒಯ್ದರೂ ಕಸ್ಟಮ್ಸ್‌ನಲ್ಲಿ ಹೇಳಿ ತೋರಿಸಿ. ಹಣ್ಣು, ಬೀಜ, ಮನೆ ತುಪ್ಪ ಬೇಡವೇ ಬೇಡ.

ಹಬ್ಬದ ದಿನಗಳಲ್ಲಿ ರೂಮು ಸಿಗುವುದು ಕಷ್ಟ, ತಿಂಗಳುಗಳ ಮೊದಲೇ ಹಿಡಿದಿಡಿ. ಸಾವಿರಾರು ಸವಾರರು ಊರೊಳಗೆ ಮೆರವಣಿಗೆ ಹೋಗುವ ದಿನ ಯಾವುದೆಂದು ರೂಮಿನವರನ್ನೇ ಕೇಳಿಕೊಳ್ಳಿ. ಒಂದು ಮಧ್ಯಾಹ್ನ ಊರಿನ ಇಂಡಿಯನ್ (ಅಲ್ಲಿನ ಮೂಲನಿವಾಸಿ) ಮತ್ತು ಗೌಚೊ ಮ್ಯೂಸಿಯಂಗೆ ಕೊಡಿ. ಟ್ಯಾಂಗೊ ಹಾಡುಗಾರ ಕಾರ್ಲೋಸ್ ಗಾರ್ಡೆಲ್ ಹುಟ್ಟಿದ್ದು ಇಲ್ಲೇ ಅಂತ ಊರವರ ವಾದ, ಫ್ರಾನ್ಸಿನಲ್ಲಿ ಅಂತ ಬೇರೆಯವರ ವಾದ. ಹತ್ತಿರದ ವಾಯೆ ಎದೆನ್‌ನಲ್ಲಿ ಅವನ ಮ್ಯೂಸಿಯಂ ಇದೆ. ಟೈಮಿದ್ದರೆ ಮಾತ್ರ ಹೋಗಿ.

ಕೊಳ್ಳುವುದಾದರೆ ಚಾಕುವಿಗಿಂತ ಹೆಣೆದ ಬೆಲ್ಟ್ ಮೇಲು. ಚಾಕು ತಗೊಂಡರೆ ಕೈಚೀಲದಲ್ಲಿ ಇಡದೆ ಲಗೇಜ್‌ಗೆ ಹಾಕಿ. ವಾಪಸ್ ಬಸ್ ಟಿಕೆಟನ್ನು ಹೋಗುವಾಗಲೇ ಮಾಡಿಸಿಬಿಡಿ, ಕೊನೇ ದಿನ ರಾತ್ರಿ ಎಲ್ಲರೂ ಮೊಂಟೆವಿಡಿಯೊಗೇ ಹೊರಟಿರುತ್ತಾರೆ.